ಗುಂಯ್‌ಗುಡುವ ಡಬ್ಬಿಯ ಬಾಯಿ ಮುಚ್ಚಿಸಿದ್ದು

ದಾವಣಗೆರೆ, 12 ಮೇ 2024, ಭಾನುವಾರ

ಕಂಪ್ಯೂಟರ್ ಡಬ್ಬಿಯ ಫ್ಯಾನುಗಳಿಗೆ ಇವತ್ತು ಒಂದು ಗತಿ ಕಾಣಿಸಲೇಬೇಕು ಅಂತ ತಿಂಡಿ ಮುಗಿಸಿದವನೇ ಸ್ಕ್ರೂಡ್ರೈವರ್ ಹುಡುಕಿದೆ. ಮೇ ತಿಂಗಳಲ್ಲಿ ಇಲ್ಲಿ ಸೀಲಿಂಗ್ ಫ್ಯಾನ್ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ಅದರ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಕರೆಂಟ್ ಹೋಗಿ, ಕಂಪ್ಯೂಟರ್ ಮಾತ್ರ ಯುಪಿಎಸ್ ಬ್ಯಾಟರಿಯ ಮೇಲೆ ಓಡುವಾಗ ಅದರ ಬಣ್ಣ ಬಯಲಾಗುತ್ತದೆ. ನಿನ್ನೆ ಸಂಜೆ ಹಾಗೇ ಆಯಿತು. ಅವ್ವ ಒಳಗಿನಿಂದ, "ಕರೆಂಟಿಲ್ದೇ ಮಿಕ್ಸಿ ಹೆಂಗ್ ತಿರುಗ್ತೈತೋ?" ಅಂದಳು.

ಸದ್ದು ಜೋರಾಗಿದೆ ಅನ್ನುವುದಕ್ಕಿಂತ ಅದು ಏರಿ ಇಳಿಯುವುದೇ ತಲೆ ತಿನ್ನುವುದು. ಒಂದೇ ಸಮ ಇರುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ. ಬ್ರೌಸರ್ ತೆರೆದಾಗಲೆಲ್ಲ ವ್ರೂಂ ಅಂತ ಏರಿ, ಮತ್ತೆ ಇಳಿದು, ಮತ್ತೆ ಏರಿದರೆ ಮರೆಯುವುದು ಹೇಗೆ? ಆದ್ದರಿಂದ ಹೊಸ ಫ್ಯಾನ್ ಕೊಳ್ಳುವ ಮಾತು ಆಮೇಲೆ. ಮೊದಲು ಇರುವುದನ್ನು ಪಳಗಿಸೋಣ ಅಂತ ಕೂತೆ.

ನನ್ನ ಡಬ್ಬಿಯಲ್ಲಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್. ಎಲ್ಲವೂ 120 ಮಿಲಿಮೀಟರಿನವು. ಯಾವುದು ಕಿರುಚುತ್ತಿದೆ ಅಂತ ತಿಳಿಯಲು ಹಳೇ ಪೇಪರನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ ಇಟ್ಟುಕೊಂಡೆ. ನೋಡಿದವರು ನಗಬಹುದು, ಆದರೆ ಮೊಬೈಲಿನ ಡೆಸಿಬಲ್ ಆ್ಯಪಿಗಿಂತ ಇದೇ ವಾಸಿ. ಆರೋಪಿ ಹಿಂದಿನವನು. ಬಿಐಒಎಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಪುಟಕ್ಕೆ, ಹೋಗಿ ನೋಡಿದರೆ ಅದು ತಂದ ದಿನದಿಂದಲೂ ಪೂರ್ತಿ ವೇಗದಲ್ಲೇ ಓಡುತ್ತಿತ್ತು!

ಕಾರಣ ಸರಳ. ನಾಲ್ಕು ತಂತಿಯ ಫ್ಯಾನಿಗೆ ಯಾವಾಗಲೂ 12 ವೋಲ್ಟ್ ಹೋಗುತ್ತಿರುತ್ತದೆ. ಎಷ್ಟು ಜೋರಾಗಿ ತಿರುಗಬೇಕು ಅಂತ ನಾಲ್ಕನೇ ತಂತಿ ಹೇಳುತ್ತದೆ. ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಸಂಕೇತ ಅದು. ಇದಕ್ಕೆ ಪಿಡಬ್ಲ್ಯೂಎಂ ಅನ್ನುತ್ತಾರೆ. ಮೂರು ತಂತಿಯ ಫ್ಯಾನಿಗೆ ಆ ತಂತಿಯೇ ಇಲ್ಲ. ಅದನ್ನು ನಿಧಾನ ಮಾಡಬೇಕೆಂದರೆ ವೋಲ್ಟೇಜನ್ನೇ ಇಳಿಸಬೇಕು, ಅಂದರೆ ಸೆಟ್ಟಿಂಗ್ ಡಿಸಿ ಮೋಡಿನಲ್ಲಿ ಇರಬೇಕು. ನನ್ನ ಹಿಂದಿನ ಫ್ಯಾನ್ ಮೂರು ತಂತಿಯದು, ಸೆಟ್ಟಿಂಗ್ ಮಾತ್ರ ಪಿಡಬ್ಲ್ಯೂಎಂ. ಜೋಡಿಸಿಕೊಟ್ಟ ಅಂಗಡಿಯವರು ಅತ್ತ ತಲೆಯೇ ಹಾಕಿರಲಿಲ್ಲ. ಡಿಸಿ ಅಂತ ಬದಲಿಸಿದ ಕೂಡಲೇ ಅರ್ಧ ಗಲಾಟೆ ಅಲ್ಲೇ ನಿಂತಿತು. ಖರ್ಚು ಸೊನ್ನೆ.

ಇನ್ನು ಏರಿಳಿತ. ಪ್ರೊಸೆಸರಿನ ಶಾಖ ಒಂದೇ ಸೆಕೆಂಡಿನಲ್ಲಿ ಹತ್ತು ಹದಿನೈದು ಡಿಗ್ರಿ ನೆಗೆದು ಮತ್ತೆ ಬಿದ್ದುಬಿಡುತ್ತದೆ. ಡಬ್ಬಿಯ ಒಳಗಿನ ಗಾಳಿ ಅಷ್ಟು ಬೇಗ ಕಾಯುವುದಿಲ್ಲ. ಆದರೂ ಡಬ್ಬಿಯ ಫ್ಯಾನುಗಳು ಪ್ರೊಸೆಸರಿನ ಶಾಖ ನೋಡಿಕೊಂಡೇ ಕುಣಿಯುತ್ತವೆ, ಸುಮ್ನೆ. ಅವು ಮದರ್‌ಬೋರ್ಡಿನ, ಅಂದರೆ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆಯ, ಶಾಖವನ್ನು ಅನುಸರಿಸುವಂತೆ ಬದಲಿಸಿದೆ. ಆ ಆಯ್ಕೆ ಇಲ್ಲದವರು ಸ್ಟೆಪ್ ಅಪ್ ಸಮಯವನ್ನು, ಅಂದರೆ ಶಾಖ ಏರಿದಾಗ ಫ್ಯಾನ್ ವೇಗ ಹೆಚ್ಚಿಸಲು ತೆಗೆದುಕೊಳ್ಳುವ ಸಮಯವನ್ನು, ಜಾಸ್ತಿ ಮಾಡಿದರೂ ಸಾಕು. ಆಸುಸ್ ಬೋರ್ಡಿನಲ್ಲಿ ಇದೆಲ್ಲ ಕ್ಯೂ-ಫ್ಯಾನ್ ಅನ್ನುವಲ್ಲಿ, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅನ್ನುವಲ್ಲಿ ಸಿಗುತ್ತದೆ.

ವೇಗ ಇಳಿಸಿದರೆ ಸಿಗುವ ಲಾಭ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಫ್ಯಾನ್ ಅರ್ಧ ವೇಗದಲ್ಲಿ ತಿರುಗಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಇತ್ತ ಒಂದಿದ್ದ ಕಡೆ ಅಂಥದೇ ಎರಡು ಫ್ಯಾನ್ ಹಾಕಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಒಂದನ್ನು ಓಡಿಸಿ ದಣಿಸುವ ಬದಲು ಮೂರನ್ನು ನಿಧಾನಕ್ಕೆ ತಿರುಗಿಸುವುದೇ ಜಾಣತನ ಅಲ್ವಾ?

ಇಷ್ಟಾದ ಮೇಲೆ ಮುಂದಿನ ಎರಡರಿಂದ ವಂವಂ ಅಂತ ಅಲೆಯಂಥ ಸದ್ದು ಕೇಳತೊಡಗಿತು. ಮೊದಲೂ ಇತ್ತೇನೋ, ಹಿಂದಿನವನ ಅಬ್ಬರದಲ್ಲಿ ಮುಚ್ಚಿಹೋಗಿತ್ತು. ಶ್ರುತಿ ಕೂಡಿರದ ಎರಡು ತಂಬೂರಿ ತಂತಿ ಒಟ್ಟಿಗೆ ಮೀಟಿದಾಗ ಬರುತ್ತದಲ್ಲ, ಅದೇ ಕಥೆ. ಏಳು ಎಸಳಿನ ಫ್ಯಾನ್ ನಿಮಿಷಕ್ಕೆ 1200 ಸುತ್ತು ಹಾಕಿದರೆ 140 ಹರ್ಟ್ಜ್ ಸ್ವರ ಬರುತ್ತದೆ. ಪಕ್ಕದ್ದು 1230 ಸುತ್ತಿದರೆ 143.5. ಎರಡೂ ಸೇರಿ ಸೆಕೆಂಡಿಗೆ ಮೂರೂವರೆ ಸಲ ಏರಿಳಿಯುತ್ತದೆ. ಒಂದೇ ಮಾಡೆಲ್ಲಿನ ಫ್ಯಾನುಗಳಲ್ಲೂ ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಸಮ ಮಾಡಲು ಹೋದರೆ ಸೋಲುತ್ತೇವೆ. ನಾನು ಉಲ್ಟಾ ಮಾಡಿದೆ. ಕೆಳಗಿನದನ್ನು 850ಕ್ಕೆ, ಮೇಲಿನದನ್ನು 650ಕ್ಕೆ ಇಟ್ಟೆ. ಅಲೆ ಮಾಯ.

ಮಧ್ಯಾಹ್ನ ಕೈಕೆಲಸ. ಎಸಳಿನ ಅಂಚಿಗೆ ಧೂಳು ಬೂದು ಬಣ್ಣದ ಗೆರೆಯಾಗಿ ಅಂಟಿತ್ತು. ಪೇಂಟ್ ಬ್ರಶ್ಶಿನಲ್ಲಿ ತೆಗೆದೆ. ಬ್ಲೋವರ್ ಹಿಡಿಯುವವರು ಎಸಳನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಫ್ಯಾನಿನ ನಡುಕ ತಗಡಿಗೆ ದಾಟದಿರಲಿ ಅಂತ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕೂ ಮೂಲೆಗೆ ವಾಷರ್ ಕೊಟ್ಟೆ. ಸ್ಕ್ರೂ ಬಿಗಿಯುವಾಗ ರಬ್ಬರ್ ಚಪ್ಪಟೆಯಾಗುವಷ್ಟು ತಿರುಗಿಸಬಾರದು, ಆಗ ಹಾಕಿಯೂ ಪ್ರಯೋಜನವಿಲ್ಲ. ಕರಕರ ಅನ್ನುವ ಹಳೇ ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದ, ಬರೀ ಕೊಳವೆಯೊಳಗೆ ಅಚ್ಚು ತಿರುಗುವ ಬಗೆಯ) ಫ್ಯಾನಿಗೆ ಹಿಂದಿನ ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಮಿಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟರೆ ಸ್ವಲ್ಪ ದಿನ ಸುಧಾರಿಸುತ್ತದೆ. ಕೈಗೆ ಸಿಕ್ಕಿತು ಅಂತ ಕೊಬ್ಬರಿ ಎಣ್ಣೆ ಹಾಕಬೇಡಿ ಮಾರಾಯ್ರೇ, ಅದು 24 ಡಿಗ್ರಿ ಹತ್ತಿರ ಬಂದರೆ ಗಟ್ಟಿಯಾಗುತ್ತದೆ.

ಕೊಳ್ಳುವ ಆಸೆ ಇಲ್ಲ ಅಂತಲ್ಲ. ಆಸ್ಟ್ರಿಯಾದ ನೋಕ್ಟುವಾ ಕಂಪನಿ 2018ರಲ್ಲಿ ತಂದ ಎನ್‌ಎಫ್-ಎ12ಎಕ್ಸ್25 ಫ್ಯಾನಿನಲ್ಲಿ ಎಸಳಿನ ತುದಿಗೂ ಚೌಕಟ್ಟಿಗೂ ನಡುವೆ ಬರೀ ಅರ್ಧ ಮಿಲಿಮೀಟರ್ ಜಾಗ. ಮಾಮೂಲಿ ಪ್ಲಾಸ್ಟಿಕ್ ತಿರುಗಿ ತಿರುಗಿ ಕಾಲಕ್ರಮೇಣ ಹಿಗ್ಗುತ್ತದೆ. ಅದಕ್ಕೇ ಅವರು ಬೇರೆ ಗಟ್ಟಿ ವಸ್ತು ಬಳಸುತ್ತಾರೆ. ಒಳ್ಳೇ ಕೆಲಸಗಾರಿಕೆ. ಬಣ್ಣ ಮಾತ್ರ ಆ ಕಂದು ಯಾಕೋ, ಬೆಲೆ ಅಷ್ಟ್ಯಾಕೋ.

ಸಂಜೆ ಒಂದು ಉದ್ದದ ವಿಡಿಯೊವನ್ನು ಎನ್‌ಕೋಡಿಗೆ, ಅಂದರೆ ಬೇರೆ ರೂಪಕ್ಕೆ ಬದಲಿಸುವ ಭಾರದ ಕೆಲಸಕ್ಕೆ, ಹಾಕಿ ನೋಡಿದೆ. ನನ್ನ ಪ್ರೊಸೆಸರ್ ರೈಜನ್ 5 3600 ಮೊದಲಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ತೋರಿಸಿ, 80ರ ಒಳಗೇ ನಿಂತಿತು. ಅದರ ಮಿತಿ 95, ಹೊರಗೆ ಈ ಬಿಸಿಲು. ಚಿಂತೆಯಿಲ್ಲ.

ಪವರ್ ಸಪ್ಲೈ ಒಳಗಿನ ಫ್ಯಾನನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಈಗ ಕೇಳುತ್ತಿರುವುದು ಹಾರ್ಡ್‌ಡಿಸ್ಕಿನ ಕಟಕಟ. ಅದರಲ್ಲಿರುವ ಫೋಟೋಗಳನ್ನು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಸಾಗಿಸುವುದು ಮುಂದಿನ ಸಂಬಳದ ಮೇಲೆ.