ಹೆಸರೆಲ್ಲಿ?

ಊರಿಗೆ ಹೋಗುವಾಗ ಅತ್ತಿಗೆಗೆ ಕೊಡೋಣ ಅಂತ ಮೊನ್ನೆ ಮಾಸ್ಕೋದ ಒಂದು ಸಂತೆಯಲ್ಲಿ ಕರಿ ಪೆಟ್ಟಿಗೆ ಕೊಂಡೆ. ಅಂಗೈಯಗಲದ್ದು. ಮುಚ್ಚಳದ ಮೇಲೆ ಹಿಮದಲ್ಲಿ ಓಡುವ ಮೂರು ಕುದುರೆ, ಹಿಂದೆ ಜಾರುಬಂಡಿ. ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದಿದ್ದೆ. ಆ ಜಂಬದಲ್ಲೇ ಎದುರು ಮನೆಯ ಅಜ್ಜಿಗೆ ತೋರಿಸಿದೆ.

ಅಜ್ಜಿ ಕುದುರೆ ಕಡೆ ನೋಡಲೇ ಇಲ್ಲ. ಮುಚ್ಚಳದ ಕೆಳಗಿನ ಅಂಚಿನಲ್ಲಿ ಏನೋ ಹುಡುಕಿದರು. "ಹೆಸರೆಲ್ಲಿ?" ಅಂದರು. ಆಮೇಲೆ ಭೂತಗನ್ನಡಿ ತಂದು ನನ್ನ ಕೈಗಿಟ್ಟರು. ಕುದುರೆಯ ಮೈತುಂಬ ಸಣ್ಣ ಚುಕ್ಕಿಗಳು, ಪೇಪರಿನಲ್ಲಿ ಬರುವ ಫೋಟೋ ಥರ. ಅಚ್ಚಾದ ಚಿತ್ರ ಅಂಟಿಸಿ ಮೇಲೆ ವಾರ್ನಿಷ್ ಬಳಿದಿದ್ದರು! "ಅರ್ಧ ಬೆಲೆಯೂ ಜಾಸ್ತಿಯೇ ಆಯ್ತು," ಅಂತ ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ.

ಅವರ ತವರು ಇವಾನೊವೊ ಪ್ರಾಂತ್ಯದ ಪಾಲೇಖ್, ಇಂಥ ಪೆಟ್ಟಿಗೆಗಳ ಊರು. ತಮ್ಮದೊಂದು ಪೆಟ್ಟಿಗೆ ತೆಗೆದು ತೋರಿಸಿದರು. ಹೊರಗೆ ಕಪ್ಪು, ಒಳಗೆ ಕುಂಕುಮದಂಥ ಕೆಂಪು. ಮರದ್ದು ಅಂದುಕೊಂಡೆ, ಅಲ್ವಂತೆ. ರಟ್ಟಿನ ಪಟ್ಟಿಗಳನ್ನು ಹಿಟ್ಟಿನ ಅಂಟಿನಲ್ಲಿ ಒಂದರ ಮೇಲೊಂದು ಸುತ್ತಿ, ಒತ್ತಿ, ಒಣಗಿಸಿ, ಅಗಸೆ ಎಣ್ಣೆ ಕುಡಿಸಿ, ಒಲೆಯಲ್ಲಿ ಕಾಯಿಸಿದ್ದು. ಬಣ್ಣ ಕಲಸುವುದು ಮೊಟ್ಟೆಯ ಹಳದಿಯಲ್ಲಿ. ಕುಂಚ ಅಳಿಲಿನ ಕೂದಲಿನದು. ಕೊನೆಗೆ ಚಿನ್ನದ ಗೆರೆ ಎಳೆದು ತೋಳದ ಹಲ್ಲಿನಿಂದ ಉಜ್ಜಿದರೆ ಅದು ಹೊಳೆಯುತ್ತದೆ. ಹಲ್ಲಿನ ವಿಷಯ ಕೇಳಿದ್ದೇ ನನ್ನ ಮಗಳು, "ತೋಳ ಸುಮ್ನೆ ಕೊಡ್ತಾ?" ಅಂದಳು.

1917ರ ಕ್ರಾಂತಿಗೆ ಮುಂಚೆ ಆ ಊರಿನವರು ಬರೆಯುತ್ತಿದ್ದದ್ದು ದೇವರ ಪಟ. ಕ್ರಾಂತಿ ಬಂತು, ಪಟ ಕೇಳುವವರಿಲ್ಲದಾಯಿತು. 1924ರಲ್ಲಿ ಇವಾನ್ ಗೋಲಿಕೊವ್ ಮತ್ತು ಕೆಲವು ಕಲಾವಿದರು ಸೇರಿ ಸಂಘ ಕಟ್ಟಿ ಪೆಟ್ಟಿಗೆ ಹಿಡಿದರು. ಸಂತರ ಜಾಗಕ್ಕೆ ಜನಪದ ಕಥೆಯ ರಾಜಕುಮಾರರು, ಬೆಂಕಿಹಕ್ಕಿ ಬಂದರು. ಕೈ ಮಾತ್ರ ಹಳೆಯದೇ. ಅಜ್ಜಿಯ ಪೆಟ್ಟಿಗೆಯ ಕುದುರೆಗೂ ಅದೇ ಸಣಕಲು ಕಾಲು, ಬಿಲ್ಲಿನಂತೆ ಬಾಗಿದ ಕತ್ತು. ಅಡಿಯಲ್ಲಿ ಕೂದಲೆಳೆಯ ಚಿನ್ನದಕ್ಷರ: ಊರು, ವರ್ಷ, ಬರೆದವರ ಹೆಸರು.

ಮರುದಿನ ಅಜ್ಜಿ ನಮ್ಮ ಮನೆಗೆ ಬಂದರು. ಟಿವಿ ಪಕ್ಕ ಕಿನ್ನಾಳದ ಗರುಡ ಇದೆ. ನಮ್ಮ ಕೊಪ್ಪಳದ ಹತ್ತಿರದ್ದು ಅಂತ ಹೆಮ್ಮೆಯಿಂದ ಹೇಳಿದೆ. ಹಗುರ ಮರ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಅಂದಾಗ ಅವರ ಕಣ್ಣರಳಿತು. "ಹಿಟ್ಟಿನ ಅಂಟಿನ ತಂಗಿ," ಅಂದರು. ಗರುಡನನ್ನು ಎತ್ತಿ ತಲೆಕೆಳಗು ಮಾಡಿ ನೋಡಿದರು.

"ಯಾರು ಮಾಡಿದ್ದು?"

"ಚಿತ್ರಗಾರರು," ಅಂದೆ.

"ಅದು ಕುಲ. ಹೆಸರು?"

ಗರುಡ ಕೊಂಡ ದಿನ ಅದನ್ನು ಮಾಡಿದವರ ಮನೆಯ ಕಟ್ಟೆ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿದಿದ್ದೆ. ಬೆಲೆಯಲ್ಲಿ ಇನ್ನೂರು ರೂಪಾಯಿ ಇಳಿಸಿದ್ದೆ. ಹೆಸರು ಕೇಳಿರಲಿಲ್ಲ.

ರಾತ್ರಿ ತಮ್ಮನಿಗೆ ಮೆಸೇಜ್ ಹಾಕಿದೆ, ಕಿನ್ನಾಳಕ್ಕೆ ಹೋಗಿ ವಿಚಾರಿಸು ಅಂತ. "ಯಾವ ಮನೆ?" ಅಂತ ಬಂತು ಉತ್ತರ. ಬಾಗಿಲಲ್ಲಿ ಬೇವಿನ ಮರ ಇತ್ತು, ಒಂದು ಕರಿ ಮೇಕೆ ಕಟ್ಟಿತ್ತು ಅಂತ ಬರೆದು ಕಳಿಸಿದ್ದೇನೆ.