ಹಸಿ ಕಸ ನಾರುವುದೇಕೆ

ಮನೆಯಲ್ಲಿ ಗೊಬ್ಬರ ಮಾಡಲು ಹೊರಟವರು ಎಷ್ಟೋ ಸಲ ವಾಸನೆಗೆ ಹೆದರಿ ಕೈಬಿಡುತ್ತಾರೆ. ಬೇಸರವಾಗುತ್ತದೆ, ಸರಿಪಡಿಸುವುದು ಅಷ್ಟು ಸುಲಭ! ಕೈಬಿಟ್ಟರೆ ಇದೇ ಹಣ್ಣು-ತರಕಾರಿ ಸಿಪ್ಪೆ ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತು, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಆಗುತ್ತದಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ ಎಂದರ್ಥ. ಮೂಗಿಗೆ ಚುಚ್ಚುವ ಅಮೋನಿಯಾ ಘಾಟು ಬಂದರೆ ಹಸಿ ಕಸದಿಂದ ಬರುವ ಸಾರಜನಕ ಜಾಸ್ತಿ. ಎರಡಕ್ಕೂ ಮದ್ದು ಒಂದೇ: ಒಣ ಎಲೆ, ಹರಿದ ರಟ್ಟು ಸೇರಿಸಿ ತಳದವರೆಗೆ ಕೆದಕಿ. 1 ಬಟ್ಟಲು ಸಿಪ್ಪೆಗೆ 2 ಬಟ್ಟಲು ಒಣ ಎಲೆ, ಪ್ರತಿ ಸಲವೂ. ಡಬ್ಬಿಯ ಬದಿಗೂ ತಳಕ್ಕೂ ತೂತು ಇರಲೇಬೇಕು.

ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಜಿನುಗಿದರೆ ಹದ ಸರಿ, ಧಾರೆ ಇಳಿದರೆ ಇನ್ನಷ್ಟು ಎಲೆ ಹಾಕಿ. ಮಾಂಸ, ಎಣ್ಣೆಜಿಡ್ಡು ಮಾತ್ರ ಬೇಡ, ಇಲಿ ಬರುತ್ತವೆ.