‘ನನಗೆ ಮೆಷಿನ್ ಹಾಕಿಸಬೇಡಿ’ ಎಂದು ಬರೆದಿಡುವ ಬಗೆ

‘ಕೊನೆಗಾಲದಲ್ಲಿ ನನಗೆ ಮೆಷಿನ್ ಹಾಕಿಸಬೇಡಿ’ ಎಂದು ಊಟದ ಹೊತ್ತಿನಲ್ಲಿ ಹೇಳಿದ ಮಾತು ಐಸಿಯು ಬಾಗಿಲಲ್ಲಿ ನಿಲ್ಲುವುದಿಲ್ಲ. ಮಗ ಕೇಳಿಸಿಕೊಂಡಿರುತ್ತಾನೆ, ಮಗಳು ಕೇಳಿರುವುದಿಲ್ಲ. ವೈದ್ಯರು ಯಾರ ಮಾತು ಹಿಡಿಯಬೇಕು?

ಅದಕ್ಕೇ ಲಿವಿಂಗ್ ವಿಲ್, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟರೂ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿತ್ತು. ಅಷ್ಟು ದೂರ ಹೋಗುವವರು ಯಾರು? 2023ರ ಜನವರಿಯಲ್ಲಿ ಅದು ಸರಳವಾಯಿತು. ಈಗ 18 ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆದರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಜಾರಿಗೆ ತಂದಿತು.

ಎಡವುವುದು ಒಕ್ಕಣೆಯಲ್ಲಿ. ‘ವಿನಾಕಾರಣ ಚಿಕಿತ್ಸೆ ಬೇಡ’ ಎಂದು ಬರೆದರೆ ಅದಕ್ಕೆ ಹತ್ತು ಅರ್ಥ. ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ಮರಳಿಸುವ ಯತ್ನ, ಮೂಗಿನ ನಳಿಕೆಯ ಆಹಾರ ಇವುಗಳಲ್ಲಿ ಯಾವುದು, ಯಾವ ಸ್ಥಿತಿಯಲ್ಲಿ ಬೇಡ ಎಂದು ಒಂದೊಂದಾಗಿ ಹೇಳಿ. ನ್ಯುಮೋನಿಯಾಗೆ ನಾಲ್ಕು ದಿನ ವೆಂಟಿಲೇಟರ್ ಮೇಲಿದ್ದು ಎದ್ದು ಮನೆಗೆ ಬರುವವರಿದ್ದಾರೆ. ಆದ್ದರಿಂದ ‘ಚೇತರಿಕೆಯ ಭರವಸೆ ಇಲ್ಲದಾಗ’ ಎಂಬ ಷರತ್ತನ್ನು ಬಿಡಬೇಡಿ. ನೋವು, ಉಬ್ಬಸ ತಗ್ಗಿಸುವ ಔಷಧ ಮುಂದುವರಿಯಲಿ ಎಂದೂ ಸೇರಿಸಿ. ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಿರಿ. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು.

ಪತ್ರ ತೋರಿಸಿದ ಕೂಡಲೇ ಯಾರೂ ಯಂತ್ರ ತೆಗೆಯುವುದಿಲ್ಲ, ತೆಗೆಯಲೂಬಾರದು. ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರೂ ಇರುವ ಮಂಡಳಿ ನೋಡುತ್ತದೆ. ಆಮೇಲೆ ಬೇರೆಯೇ ಮೂವರ ಎರಡನೇ ಮಂಡಳಿ. ಅದರಲ್ಲೊಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಎರಡೂ ಮಂಡಳಿಗಳು ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ನಂತರ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುತ್ತಾರೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರವೇ ಇಲ್ಲದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ ಇದೇ ದಾರಿ ಇದೆ. ಆದರೆ ಆಗ ಆ ನಿರ್ಧಾರದ ಭಾರವೆಲ್ಲ ಮಕ್ಕಳ ತಲೆಯ ಮೇಲೆ.

ಇದು ದಯಾಮರಣದ ಚುಚ್ಚುಮದ್ದಲ್ಲ. ಸಾಯಿಸುವ ಮದ್ದು ಕೊಡುವುದು ಇಂದಿಗೂ ಅಪರಾಧ.

ಪತ್ರವನ್ನು ಬ್ಯಾಂಕ್ ಲಾಕರಿನಲ್ಲಿಟ್ಟು ಮರೆಯಬೇಡಿ; ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬಂದಾಗ ಲಾಕರ್ ತೆರೆದಿರುವುದಿಲ್ಲ. ಅದರ ಒಂದು ಪ್ರತಿಯನ್ನು ಮನೆ ಡಾಕ್ಟರಿಗೆ ಕೊಡಿ, ಹೆಸರಿಸಿದವರ ಫೋನಿನಲ್ಲಿ ಫೋಟೋ ಇರಲಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು. ಆಗ ಹಳೆಯ ಪ್ರತಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ.